ಮೊಘಲರ ಪಡ್ಡಿನ ಹಂಚು

ಹಳೆಯ ಹಿತ್ತಾಳೆ ಪಾತ್ರೆ ಕಂಡರೆ ಕೆಲವರಿಗೆ ಆಸೆ ಹುಟ್ಟುತ್ತದೆ. ನನಗೆ ಮಾತು ಹುಟ್ಟುತ್ತದೆ. ಸುಮ್ಮನೆ ಬೆಲೆ ಕೇಳಿ, ಮೂಗು ಮುರಿದು, ಅರ್ಧಕ್ಕೆ ಇಳಿಸಿ ಕೊಳ್ಳುವವರನ್ನು ಕಂಡಿದ್ದೇನೆ. ನಾನು ಅಂಗಡಿಯವನಿಗೆ ಪಾತ್ರೆಯ ಜಾತಕ ಓದಿ ಹೇಳಿ, ದಕ್ಷಿಣೆಯನ್ನೂ ನಾನೇ ಕೊಟ್ಟು ಬರುವ ಜೋಯಿಸ.

ದಿಲ್ಲಿಯಲ್ಲಿ ಈ ಚಟ ತೀರಿಸಿಕೊಳ್ಳಲು ಜಾಗಕ್ಕೆ ಬರವಿಲ್ಲ. ಚಾವ್ಡಿ ಬಜಾರಿನಲ್ಲಿ ತಾಮ್ರ, ಹಿತ್ತಾಳೆ ಎಲ್ಲ ತಕ್ಕಡಿಗೆ ಹೋಗುತ್ತವೆ, ಅಜ್ಜಿಯ ನೆನಪಿಗೆ ಅಲ್ಲಿ ತೂಕವಿಲ್ಲ. ಸುಂದರ್ ನಗರದಲ್ಲಿ ಬೆಲೆ ಕೇಳುವವನು ಕೊಳ್ಳುವವನಲ್ಲ ಎಂಬುದು ಅಂಗಡಿಯವರಿಗೆ ಅವನ ಚಪ್ಪಲಿ ನೋಡಿದರೇ ಗೊತ್ತಾಗುತ್ತದೆ. ನನ್ನಂಥ ಎಡಬಿಡಂಗಿಗಳಿಗೆ ಉಳಿದಿರುವುದು ಹೌಜ್ ಖಾಸ್. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಿಂದ ಅದು ಹೆಚ್ಚು ದೂರವೂ ಅಲ್ಲ. ‘ಸಂಘಕ್ಕೆ ಹೋಗಿ ಬರ್ತೀನಿ’ ಎಂದು ಮನೆಯಲ್ಲಿ ಹೇಳಿ ಹೊರಟರೆ ಸುಳ್ಳು ಕೆಲವೇ ಕಿಲೋಮೀಟರಿನಷ್ಟು.

ಹೌಜ್ ಖಾಸ್ ಎಂದರೆ ಅಲ್ಲಾವುದ್ದೀನ್ ಖಿಲ್ಜಿ ತನ್ನ ಸಿರಿ ಪಟ್ಟಣದ ನೀರಿಗೆಂದು ತೋಡಿಸಿದ ಕೆರೆ. ಮುಂದೆ ಹೂಳು ತುಂಬಿದ್ದನ್ನು ಫಿರೋಜ್ ಷಾ ತುಘಲಕ್ ತೆಗೆಸಿ, 1352ರಲ್ಲಿ ದಂಡೆಯ ಮೇಲೊಂದು ಮದರಸಾ ಕಟ್ಟಿಸಿದ. ಬದುಕಿರುವಾಗಲೇ ಪಕ್ಕದಲ್ಲಿ ತನ್ನ ಗೋರಿಯನ್ನೂ ಕಟ್ಟಿಸಿಕೊಂಡು 1388ರಲ್ಲಿ ಅದರೊಳಗೆ ಸೇರಿಕೊಂಡ. 1398ರಲ್ಲಿ ದಿಲ್ಲಿಗೆ ದಂಡೆತ್ತಿ ಬಂದ ತೈಮೂರನೂ ಈ ಕೆರೆಯ ಬಳಿ ಬೀಡುಬಿಟ್ಟಿದ್ದ. ಆಮೇಲೆ ಬಹಳ ಕಾಲ ಊರು ಹಳ್ಳಿಯಾಗಿ, ಎಮ್ಮೆಗಳ ಪಾಲಾಗಿ ನೆಮ್ಮದಿಯಿಂದಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಬೀನಾ ರಮಾನಿ ಇಲ್ಲಿ ಬೂಟೀಕು ತೆರೆದರು. ಅವರ ಹಿಂದೆ ಫ್ಯಾಷನ್ನಿನವರು, ಹೋಟೆಲಿನವರು, ಹಳೆಯ ಹಿಂದಿ ಸಿನಿಮಾ ಪೋಸ್ಟರು ಮಾರುವವರು ಬಂದರು, ಎಮ್ಮೆಗಳು ಹೋದವು. ತುಘಲಕನ ಗುಮ್ಮಟ ಕಣ್ಣೆದುರಿಗೆ ಇರುವಾಗ ಪಕ್ಕದ ಓಣಿಯಲ್ಲಿ ಅಲ್ಯೂಮಿನಿಯಂ ಚೊಂಬನ್ನು ತೋರಿಸಿದರೂ ಯಾವುದೋ ಬೇಗಮ್ಮಳದ್ದಿರಬೇಕು ಎನಿಸುತ್ತದೆ. ಅಂಗಡಿಗಳ ಬಾಡಿಗೆ ಹುಟ್ಟುವುದು ಈ ಅನಿಸಿಕೆಯಿಂದಲೇ ಎಂದು ನನ್ನ ಗುಮಾನಿ.

ಅಂಥ ಓಣಿಯ ಅಂಗಡಿಯೊಂದರಲ್ಲಿ ಗ್ರಾಮೊಫೋನಿನ ಕೊಳವೆ, ಕೀಲಿ ಇಲ್ಲದ ಬೀಗ, ಬೀಗವಿಲ್ಲದ ಕೀಲಿ ಎಲ್ಲ ದಾಟಿ ಒಳಗೆ ಹೋದರೆ ಮೂಲೆಯಲ್ಲಿ ಹಿತ್ತಾಳೆಯದೊಂದು ಗುಂಡನೆಯ ದಪ್ಪ ಎರಕ. ಮಧ್ಯದಲ್ಲೊಂದು, ಸುತ್ತ ಆರು, ಒಟ್ಟು ಏಳು ಗುಳಿ. ನನ್ನ ಎದೆ ಹಾರಿತು. ಪಡ್ಡಿನ ಹಂಚು! ಮುಖದ ಮೇಲೆ ಆದಷ್ಟು ಪೆದ್ದುತನ ತಂದುಕೊಂಡು (ಅದಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ) ಇದೇನು ಎಂದು ಕೇಳಿದೆ.

‘ಮೊಘಲ್ ಚಿತ್ರಕಾರರ ಸಾಮಾನು, ಸರ್‌ಜೀ. ಏಳು ಗುಳಿ, ಏಳು ಬಣ್ಣ. ನೂರೈವತ್ತು ವರ್ಷದ ಮಾಲು.’

ಕೊನೆಯ ಬಾದಷಹ ಬಹದ್ದೂರ್ ಷಾ ಜಫರ್ 1862ರಲ್ಲೇ ರಂಗೂನಿನಲ್ಲಿ ತೀರಿಕೊಂಡಿದ್ದ. ಅವನು ಹೋದ ಮೇಲೆ ಈ ಏಳು ಬಣ್ಣ ಯಾರ ಗಡ್ಡಕ್ಕೆ ಬಳಿದರೋ ಎಂದು ಒಳಗೊಳಗೇ ನಕ್ಕೆ. ಬೆಲೆ ಮೂರೂವರೆ ಸಾವಿರ ಎಂದ. ಬಾಯಿ ಮುಚ್ಚಿಕೊಂಡು ಎರಡಕ್ಕೆ ಕೇಳಿದ್ದರೆ ಎರಡೂವರೆಗೆ ಮುಗಿಯುತ್ತಿತ್ತು. ಆದರೆ ಕಾನೂನು ತಿಳಿದವನೆಂದು ತೋರಿಸದಿದ್ದರೆ ತಿಳಿದು ಏನು ಪ್ರಯೋಜನ? ‘1972ರ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕಲ್ಲ, ಭಾಯ್‌ಸಾಬ್?’ ಎಂದೆ.

ನೋಡನೋಡುತ್ತಿದ್ದಂತೆ ಹಂಚಿಗೆ ಅರವತ್ತು ವರ್ಷ ಪ್ರಾಯ ಇಳಿಯಿತು. ‘ತೊಂಬತ್ತು ಇರಬಹುದು, ಸರ್‌ಜೀ. ನಮ್ಮಪ್ಪ ಅಂದಾಜಿನ ಮೇಲೆ ಹೇಳುತ್ತಿದ್ದರು.’ ಪ್ರಾಯ ಇಳಿಯಿತೇ ಹೊರತು ಬೆಲೆ ಇಳಿಯಲಿಲ್ಲ.

ಇಲ್ಲಿಗೂ ಸುಮ್ಮನಾಗಬಹುದಿತ್ತು. ಮೊಘಲರ ಹೆಸರಿನಲ್ಲಿ ನಮ್ಮ ಪಡ್ಡಿಗೆ ಅವಮಾನವಾಗುತ್ತಿರುವುದನ್ನು ಕಂಡೂ ಸುಮ್ಮನಿರುವುದು ಹೇಗೆ? ಶುರು ಮಾಡಿದೆ. ಅಕ್ಕಿ, ಉದ್ದು ನೆನೆಸಿ ರುಬ್ಬುವುದು, ಹಿಟ್ಟು ಹುಳಿ ಬರುವುದು, ಈರುಳ್ಳಿ, ಹಸಿಮೆಣಸು, ಗುಳಿಗೊಂದು ಚಮಚ ಎಣ್ಣೆ, ಕಡ್ಡಿಯಲ್ಲಿ ತಿರುವಿ ಹಾಕುವ ಕೈಚಳಕ. ದಾವಣಗೆರೆ ಕಡೆ ಪಡ್ಡು, ಇನ್ನೊಂದು ಕಡೆ ಗುಂಡುಪೊಂಗಲು, ಮತ್ತೊಂದು ಕಡೆ ಗುಳಿಯಪ್ಪ. ಸ್ಟೀಲು ಬಂದಾಗ ನಮ್ಮ ಮನೆಗಳ ಹಿತ್ತಾಳೆಯೆಲ್ಲ ಪಾತ್ರೆ ವ್ಯಾಪಾರಿಯ ಬುಟ್ಟಿಗೆ ಹೋದದ್ದು, ನಾನ್‌ಸ್ಟಿಕ್ ಬಂದು ಎರಕದ ಹಂಚು ಮನೆ ಬಿಟ್ಟದ್ದು. ಅಂಗಡಿಯವನು ಕುರ್ಚಿ ಹಾಕಿದ. ಚಹಾ ತರಿಸಿದ. ನಡುನಡುವೆ ‘ವಾಹ್’ ಎಂದ. ದಿಲ್ಲಿಯಲ್ಲಿ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿದ ಇನ್ನೊಬ್ಬ ಮನುಷ್ಯನಿಲ್ಲ. ಮುಗಿದ ಮೇಲೆ ಹಂಚನ್ನು ಬಟ್ಟೆಯಿಂದ ಒರೆಸಿ ಎತ್ತಿ ಹಿಡಿದು, ‘ಇಷ್ಟು ದಿನ ಇದು ಏನೆಂದೇ ನನಗೆ ಗೊತ್ತಿರಲಿಲ್ಲ. ಐದು ಸಾವಿರ’ ಎಂದ.

ಕೊಟ್ಟೆ. ಅಷ್ಟು ಹೊಗಳಿದ ಮೇಲೆ ಕೊಳ್ಳದೆ ಎದ್ದು ಬರಲು ಯಾವ ಮುಖವಿತ್ತು?

ಹೆಂಡತಿ ದಾವಣಗೆರೆಯವಳು. ಹಂಚನ್ನು ಮಗುಚಿ, ಬೆರಳಲ್ಲಿ ಒಂದು ಗುಳಿ ಉಜ್ಜಿ, ಬೆರಳಿಗೆ ಬಂದ ಹಸಿರು ತೋರಿಸಿದಳು. ‘ರೀ, ಕಿಲುಬು. ಇದರಲ್ಲಿ ಹುಳಿ ಹಿಟ್ಟು ಹಾಕಿದ್ರೆ ಮನೆಮಂದಿಯೆಲ್ಲ ಆಸ್ಪತ್ರೆಗೇ. ಕಲಾಯಿ ಮಾಡಿಸ್ಕೊಂಡು ಬನ್ನಿ.’ ಹಳೆ ದಿಲ್ಲಿಯಲ್ಲಿ ಕಲಾಯಿಯವನನ್ನು ಹುಡುಕಿದೆ. ಕೆಂಡದ ಮೇಲೆ ಹಂಚು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಕಿಸಿ ಹತ್ತಿಯಲ್ಲಿ ತೀಡಿದ. ಬಿಳಿ ಹೊಗೆ ಎದ್ದು ಗುಳಿಗಳು ಬೆಳ್ಳಗೆ ಹೊಳೆದವು. ‘ಖಾಲಿ ಹಂಚು ಉರಿಯ ಮೇಲೆ ಬಿಡಬೇಡಿ, ಬಾಬೂಜಿ’ ಎಂದ. ನಾನು ಅವನಿಗೆ ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ ಎಂಬ ವಿಜ್ಞಾನ ತಿಳಿಸಿಕೊಟ್ಟೆ. ಇಡೀ ಆಯಸ್ಸನ್ನು ತವರ ಕರಗಿಸುವುದರಲ್ಲೇ ಕಳೆದ ಮನುಷ್ಯ ಅದನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

ಭಾನುವಾರಕ್ಕೆ ಕನ್ನಡದ ಗೆಳೆಯರನ್ನು ಪಡ್ಡಿಗೆ ಕರೆದೆ. ದಿಲ್ಲಿಯ ಡಿಸೆಂಬರಿನಲ್ಲಿ ಹಿಟ್ಟು ಹುಳಿ ಬರುವುದು ಸುಲಭವಲ್ಲ. ಶನಿವಾರ ರಾತ್ರಿ ಹಿಟ್ಟಿನ ಪಾತ್ರೆ ನನ್ನ ರಜಾಯಿ ಹೊದ್ದು ಮಲಗಿತು, ನಾನು ಶಾಲು ಹೊದ್ದು ನಡುಗಿದೆ. ಬೆಳಿಗ್ಗೆ ಹಿಟ್ಟು ಉಕ್ಕಿತ್ತು, ನನಗೆ ನೆಗಡಿ. ಗೆಳೆಯರು ಅಡುಗೆಮನೆಯ ಬಾಗಿಲಲ್ಲಿ ನೆರೆದರು. ಗ್ಯಾಸ್ ಹಚ್ಚಿ ಹಂಚು ಇಟ್ಟೆ. ಇಟ್ಟವನು ಎಣ್ಣೆ ಬಿಡಬೇಕಿತ್ತು. ಆದರೆ ಎದುರಿಗೆ ಅಷ್ಟು ಜನ ಸುಮ್ಮನೆ ನಿಂತಿದ್ದಾರೆ. ಖಿಲ್ಜಿಯಿಂದ ಶುರು ಮಾಡಿದೆ. ತೈಮೂರನ ಹತ್ತಿರ ಬರುವಷ್ಟರಲ್ಲಿ ಒಬ್ಬರು, ‘ಅದೇನು ಹೊಳೀತಾ ಇದೆ?’ ಎಂದರು. ಕಲಾಯಿಯೆಲ್ಲ ಇಳಿದು ಗುಳಿಗಳ ತಳದಲ್ಲಿ ಪಾದರಸದ ಹಾಗೆ ಓಡಾಡುತ್ತಿತ್ತು. ಏಳರಲ್ಲೂ.

‘ರೀ, ಹಿಟ್ಟು ಹಾಕದೇ ಪಡ್ಡು ಬಂತಲ್ರೀ’ ಎಂದಳು ಹೆಂಡತಿ. ಕಪಾಟಿನಿಂದ ತನ್ನ ನಾನ್‌ಸ್ಟಿಕ್ ತೆಗೆದು ಮುಂದಿನ ಅರ್ಧ ಗಂಟೆಯಲ್ಲಿ ಎಲ್ಲರ ಹೊಟ್ಟೆ ತುಂಬಿಸಿದಳು. ಪಡ್ಡು ಬಹಳ ಚೆನ್ನಾಗಿತ್ತು, ಹೇಳಲು ಸಂಕಟವಾಗುತ್ತದೆ.

ಹಂಚನ್ನು ವಾಪಸು ತೆಗೆದುಕೊಳ್ಳುತ್ತಾನೋ ಕೇಳೋಣವೆಂದು ಚೀಲದಲ್ಲಿ ಹಾಕಿಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ಒಳಗೆ ಗುರುಗ್ರಾಮದ ಕಡೆಯವರಂತೆ ಕಾಣುವ ಗಂಡಹೆಂಡತಿ ಕೂತಿದ್ದರು. ಅವರ ಮುಂದೆ ಥೇಟ್ ನನ್ನದರಂಥದೇ ಹಂಚು. ಎಲ್ಲಿಂದ ತಂದನೋ! ಅಂಗಡಿಯವನು ಅಕ್ಕಿ, ಉದ್ದಿನಿಂದ ಶುರು ಮಾಡಿ, ಕಡ್ಡಿಯಲ್ಲಿ ತಿರುವುವುದನ್ನು ಕೈಯಾಡಿಸಿ ತೋರಿಸಿ, ‘ಗುಂಡ್ ಪೊಂಗಲ್’ ಎಂದು ಬಾಯ್ತುಂಬ ಹೇಳಿ, ಸ್ಟೀಲಿನ ದುರಂತಕ್ಕೆ ಬಂದಾಗ ಗಂಟಲು ಗದ್ಗದವಾಯಿತು. ನಾನು ಸಹ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ವಿಜಯನಗರದ ಅರಮನೆಯನ್ನು ಮಾತ್ರ ಅವನೇ ಸೇರಿಸಿಕೊಂಡಿದ್ದ. ಬೆಲೆ ಎಂಟು ಸಾವಿರ.

ನನ್ನನ್ನು ಕಂಡದ್ದೇ ಎದ್ದು ನಿಂತ. ‘ಬನ್ನಿ, ಬನ್ನಿ! ಕರ್ನಾಟಕದ ಪ್ರೊಫೆಸರ್ ಸಾಹೇಬರು. ಇವರಿಗಿಂತ ತಿಳಿದವರು ದಿಲ್ಲಿಯಲ್ಲಿಲ್ಲ.’ ನಾನು ಯಾವ ಕಾಲೇಜಿನ ಪ್ರೊಫೆಸರೂ ಅಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕುರ್ಚಿ ಬಂತು. ಆ ಹೆಂಗಸು ಬಹಳ ವಿನಯದಿಂದ ನನ್ನ ಕಡೆ ತಿರುಗಿ, ‘ಸರ್, ಇದು ಎಷ್ಟು ಹಳೆಯದಿರಬಹುದು?’ ಎಂದು ಕೇಳಿದರು. ಅಂಗಡಿಯವನು ಉಸಿರು ಹಿಡಿದು ನನ್ನನ್ನೇ ನೋಡಿದ. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಹಂಚನ್ನು ಬೆಳಕಿಗೆ ಹಿಡಿದು, ಒಂದೊಂದೇ ಗುಳಿ ಪರೀಕ್ಷಿಸಿ,

‘ತೊಂಬತ್ತೊಂಬತ್ತು ವರ್ಷ’ ಎಂದೆ.