ದರ ಕಟ್ಟಿದ್ದು ನನಗೊಬ್ಬನಿಗೇ!

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಕ್ಯಾಥ್ ಲ್ಯಾಬ್ ಕಪಾಟಿನಲ್ಲಿ ಡಬ್ಬಿಯೊಳಗೆ ಮಲಗಿದ್ದ ಸ್ಟೆಂಟ್ ಮಾತಿಗೆ ಸಿಕ್ಕಿತು. ಊರ ಕಡೆ ‘ಹಾರ್ಟಿಗೆ ಸ್ಪ್ರಿಂಗ್ ಹಾಕ್ಸಿದೀವಿ’ ಅನ್ನುತ್ತಾರಲ್ಲ, ಅದೇ.

ಹೇಗಿದ್ದೀರಿ?

ತಣ್ಣಗಿದ್ದೇನೆ. ಕೋಬಾಲ್ಟ್ ಕ್ರೋಮಿಯಂ ಮೈ, ಮೇಲೆ ಔಷಧದ ಲೇಪ. ಮಣಿಕಟ್ಟಿನಲ್ಲಿ ಹೊಕ್ಕು ಹೃದಯ ಸೇರುವವನು. ಒಳಹೋದವರು ಹೊರಬರುವ ಪದ್ಧತಿ ನಮ್ಮಲ್ಲಿಲ್ಲ. ಕೇಳುವುದನ್ನೆಲ್ಲ ಈಗಲೇ ಕೇಳಿ.

2017ರಲ್ಲಿ ಕೇಂದ್ರ ಸರ್ಕಾರ ಬೆಲೆ ಇಳಿಸಿದಾಗ ಬೇಜಾರಾಯಿತೆ?

ಆ ಫೆಬ್ರವರಿಯ ತನಕ ನನ್ನ ಸರಾಸರಿ ಎಂಆರ್‌ಪಿ 1.21 ಲಕ್ಷ. ಒಂದೇ ಆದೇಶಕ್ಕೆ 29,600 ರೂಪಾಯಿ! ಲೇಪವಿಲ್ಲದ ನಮ್ಮ ಬಡ ದಾಯಾದಿಗೆ 7,260. ಈಗ ಮೆಲ್ಲಗೆ ಏರಿ 38 ಸಾವಿರ ದಾಟಿದ್ದೇನೆ. ಬೇಜಾರು ನನಗಲ್ಲ. ಡಿಸ್ಟ್ರಿಬ್ಯೂಟರಿನಿಂದ ಆಸ್ಪತ್ರೆಗೆ ಕೈ ಬದಲಾದಾಗೆಲ್ಲ ದಪ್ಪಗಾಗುತ್ತಿದ್ದೆನಲ್ಲ, ಆ ಕೈಗಳಿಗೆ.

ಹಾಗಾದರೆ ಆಂಜಿಯೋಪ್ಲಾಸ್ಟಿ ಅಗ್ಗವಾಗಬೇಕಿತ್ತು.

(ನಕ್ಕು) ಮದುಮಗನ ಪಂಚೆಗೆ ದರ ಕಟ್ಟಿ, ಛತ್ರದ ಬಾಡಿಗೆ, ಅಡಿಗೆಯವರು, ವಾಲಗದವರನ್ನು ಅವರವರ ಇಷ್ಟಕ್ಕೆ ಬಿಟ್ಟರೆ ಮದುವೆ ಖರ್ಚು ಇಳಿಯುತ್ತದೆಯೇ? ನನ್ನ ಮುಂದೆ ಗೈಡ್ ವೈರು, ಜತೆಗೆ ಬಲೂನು, ಕ್ಯಾತೆಟರು, ಹಿಂದೆ ಲ್ಯಾಬ್ ಚಾರ್ಜು, ಐಸಿಯು. ಬಲೂನಿಗೆ ನನ್ನ ಹಾಗೆ ಗರಿಷ್ಠ ದರವಿಲ್ಲ. ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು, ಅಷ್ಟೆ. ಎಷ್ಟರಿಂದ ಶುರು ಮಾಡಿದಿರಿ ಅಂತ ಯಾರು ಕೇಳಿದರು?

ಆಸ್ಪತ್ರೆಗೇ ದರ ಕಟ್ಟಬಹುದಿತ್ತಲ್ಲ?

ರಾಜ್ಯ ಸರ್ಕಾರ ಮಸೂದೆ ಹಿಡಿದು ಹೊರಟಿತ್ತು. ಅದೇ ವರ್ಷ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಓಪಿಡಿ ಬಂದ್. ಬೆಳಗಾವಿ ಅಧಿವೇಶನದಲ್ಲಿ ಮಸೂದೆಯೇನೋ ಪಾಸಾಯಿತು, ಹಲ್ಲು ಕಿತ್ತ ಮೇಲೆ. ಸರ್ಕಾರಿ ಯೋಜನೆಯಲ್ಲಿ ಬರುವ ರೋಗಿಗೆ ಮಾತ್ರ ದರ ನಿಗದಿ. ಮಿಕ್ಕವರಿಗೆ ಆಸ್ಪತ್ರೆಯ ದರಪಟ್ಟಿ ಓದಿಕೊಳ್ಳುವ ಸ್ವಾತಂತ್ರ್ಯ.

ಸರ್ಕಾರಿ ಯೋಜನೆಯ ಕಾರ್ಡು ಇದೆಯಲ್ಲ?

ಇದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇ. 30. ಮೊನ್ನೆ ಬಾಗಿಲಾಚೆ ಹುಡುಗನೊಬ್ಬ ಹೇಳುತ್ತಿದ್ದ: ‘ಸಾರ್, ರೇಷನ್ ಕಾರ್ಡು, ಆಧಾರು, ರೆಫರಲ್ ಚೀಟಿ, ಎಲ್ಲಾ ಮೂರು ಮೂರು ಜೆರಾಕ್ಸ್ ತಂದಿದೀನಿ.’ ಕೌಂಟರಿನವನು ಕಂಪ್ಯೂಟರಿನಿಂದ ತಲೆ ಎತ್ತದೆ, ‘ನಮ್ಮಲ್ಲಿ ಈ ಸ್ಕೀಮು ಹಾರ್ಟಿಗಿಲ್ಲಪ್ಪಾ, ಕಣ್ಣಿಗಿದೆ’ ಅಂದ. ಹುಡುಗ ಎದೆ ಹಿಡಿದು ಕೂತಿದ್ದ ಅಪ್ಪನ ಕಡೆ ನೋಡಿದ. ಸ್ಕೀಮಿನ ದುಡ್ಡು ಸರ್ಕಾರದಿಂದ ಬೇಗ ಬರುವುದಿಲ್ಲ ಅನ್ನುವುದು ಆಸ್ಪತ್ರೆಗಳ ಗೋಳು. ಅದೂ ಸುಳ್ಳಲ್ಲ ಬಿಡಿ.

ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವಕ್ಕೆ ಹೋಗಬಹುದಿತ್ತು.

ಅಲ್ಲಿ ನಮ್ಮ ಅಣ್ಣತಮ್ಮಂದಿರು ಬೇಕಾದಷ್ಟಿದ್ದಾರೆ. ‘ಮೊದಲು ಚಿಕಿತ್ಸೆ, ಆಮೇಲೆ ದುಡ್ಡು’ ಅಂದವರು ಆ ಆಸ್ಪತ್ರೆಯವರು, ನಡೆಸಿಯೂ ತೋರಿಸಿದರು. ಆದರೆ ಆಸ್ಪತ್ರೆ ಇರುವುದು ಬೆಂಗಳೂರು, ಮೈಸೂರು, ಕಲಬುರಗಿಯಂಥ ಕಡೆ. ಎದೆನೋವು ಬರುವುದು ಹೊಸದುರ್ಗದಲ್ಲೋ ಸಿಂದಗಿಯಲ್ಲೋ, ಅದೂ ನಡುರಾತ್ರಿ. ನಟ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಅಂಥವರಿಗೆ ನನಗಿಂತ ಮೊದಲು ಬೇಕಾದ್ದು ಅದೇ. (ದನಿ ತಗ್ಗಿಸಿ) ಇದನ್ನು ನಾನು ಹೇಳಿದೆ ಅಂತ ಬರೀಬೇಡಿ. ಕಂಪನಿಯವರು ಬೈತಾರೆ.

ರೋಗಿಯ ಮನೆಯವರಿಗೆ ಏನಾದರೂ ಹೇಳುತ್ತೀರಾ?

ಬಿಲ್ಲು ಓದಿ. ನನ್ನ ಬೆಲೆ, ಬ್ರ್ಯಾಂಡು, ಕಂಪನಿ, ಬ್ಯಾಚ್ ನಂಬರು ಬೇರೆಯಾಗಿ ನಮೂದಿಸಲೇಬೇಕೆಂದು ಆದೇಶವಿದೆ. ಹೀಗೆ ಕುಲಗೋತ್ರ ಸಮೇತ ಸಿಕ್ಕಿಬೀಳುವವನು ನಾನು. ಕೊನೆಯಲ್ಲಿ ‘ಇತರೆ’ ಅಂತ ಒಂದು ಸಾಲಿರುತ್ತದೆ ನೋಡಿ, ತಾಕತ್ತಿದ್ದರೆ ಅದರ ಸಂದರ್ಶನ ಮಾಡಿ.

ಎಲ್ಲಿ ಸಿಗುತ್ತದೆ?

ಅಪಾಯಿಂಟ್‌ಮೆಂಟ್ ಬೇಕು. ಮೊದಲು ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಬನ್ನಿ.