ಬೆಳಕಿಂಡಿಯ ಬಡಿವಾರ

ಮಾರ್ಚ್ ಬಂದರೆ ಬಿಸಿಲಿಗೆ ಹೆದರಿ ಕೊಡೆ ಬಿಚ್ಚುವ ಜನ ನಾವು. ಕಾರಿನ ನೆತ್ತಿಗೆ ಮಾತ್ರ ಕಿಂಡಿ ಬೇಕು, ಅದಕ್ಕೆ ಹೆಚ್ಚಿಗೆ ದುಡ್ಡೂ ಕೊಡುತ್ತೇವೆ. 14 ವರ್ಷದ ಹಳೆಯ ಕಾರು ಕೊಳ್ಳುವಾಗ ಎಂಜಿನ್ ಕೆಮ್ಮಿದ್ದು ನನಗೂ ಕೇಳಿಸಿತ್ತು. ಆದರೆ ಬ್ರೋಕರ್ ಸ್ವಿಚ್ ಒತ್ತಿದ, ಸನ್‌ರೂಫ್ ಸರಿಯಿತು, ಮಗ ಸೀಟಿನ ಮೇಲೆ ನಿಂತು ತಲೆ ಹೊರಹಾಕಿದ. ವ್ಯಾಪಾರ ಕುದುರಿತು.

ಜೂನ್‌ನಲ್ಲಿ ಷಡ್ಡಕ ಬಂದ. ತೋರಿಸದೆ ಇರಲಾದೀತೆ? ತೆರೆದೆ. ಮುಚ್ಚುವಾಗ ಅರ್ಧಕ್ಕೇ ನಿಂತು ಕಟಕಟ ಅಂದಿತು. ಷಡ್ಡಕ ನಕ್ಕ, ಮೋಡವೂ ಅದಕ್ಕೇ ಕಾದಿದ್ದಂತೆ ಸುರಿಯಿತು. ಮೇಲೆ ಟಾರ್ಪಾಲು ಕಟ್ಟಿಕೊಂಡು, ಸಂತೆಗೆ ಹೊರಟ ತರಕಾರಿ ಗಾಡಿಯಂತೆ ಗ್ಯಾರೇಜು ಸೇರಿದೆ.

ಅಲ್ಲಿಯ ಹುಡುಗ ಕತ್ತೆತ್ತಿಯೂ ನೋಡಲಿಲ್ಲ. "ಅಸೆಂಬ್ಲಿನೇ ಚೇಂಜ್ ಮಾಡ್ಬೇಕು ಸಾರ್." ವಿಧಾನಸೌಧದ ಅಸೆಂಬ್ಲಿ ಬದಲಿಸಲು ನಾವು ಐದು ವರ್ಷ ಕಾಯುತ್ತೇವೆ, ಇವನಿಗೆ ಐದು ಸೆಕೆಂಡ್ ಸಾಕಾಯಿತು. ಹೇಳಿದ ರೇಟು ಕಾರು ಕೊಂಡ ಬೆಲೆಯ ಅರ್ಧ.

ಮಾನ ಉಳಿಸಿದ್ದು ನಮ್ಮ ಬೀದಿ ಕೊನೆಯ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. "ಸದ್ದು ಬರ್ತಿದೆಯಲ್ಲ, ಫ್ಯೂಸ್ ಹೋಗಿಲ್ಲ, ಮೋಟಾರ್‌ಗೂ ಜೀವ ಇದೆ. ಕಾರಿನ ಪುಸ್ತಕ ಓದಿದ್ದೀರಾ ಸಾರ್?" ಪುಸ್ತಕ ಯಾರೂ ತೆರೆಯದ ಪಿಎಚ್‌ಡಿ ಪ್ರಬಂಧದಂತೆ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಒಳದೀಪದ ಮುಚ್ಚಳ ತೆಗೆದು, ಮೋಟಾರಿನ ಆರು ಮೂಲೆಯ ಕುಳಿಗೆ ಎಲ್-ಕೀ ಕೊಟ್ಟು ತಿರುಗಿಸಿದರೆ ಕೈಯಲ್ಲೇ ಮುಚ್ಚಬಹುದಂತೆ. ಮುಚ್ಚಿದರು.

ಕಂಬಿಯಲ್ಲಿದ್ದ ಹಳೆ ಗ್ರೀಸು ಧೂಳು ಕುಡಿದು ಹಲಸಿನ ಮೇಣವಾಗಿತ್ತು. ಒರೆಸಿ ಹೊಸದು ಹಚ್ಚಿದರು. ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲವೆಂದು ಅವತ್ತೇ ತಿಳಿದದ್ದು. ಒಳಗಿಳಿದ ನೀರು ಮೂಲೆಗಳ ಸಣ್ಣ ಪೈಪುಗಳಲ್ಲಿ ಹರಿದು ಕಾರಿನಡಿಗೆ ಹೋಗಬೇಕು. ಅವು ಕಾರಿನ ರಾಜಕಾಲುವೆಗಳು. ಬೆಂಗಳೂರಿನವಲ್ಲವೇ, ಒತ್ತುವರಿಯಾಗಿದ್ದವು: ಒಳಗೆಲ್ಲ ಗುಲ್‌ಮೊಹರ್ ಎಲೆಯ ಪುಡಿ. ಗಾಳಿಯ ಒತ್ತಡ ಕೊಟ್ಟರೆ ಪೈಪೇ ಕಳಚೀತೆಂದು ಮೆತ್ತನೆಯ ನೈಲಾನ್ ದಾರ ತೂರಿಸಿ ತೆಗೆದರು. ಕೊನೆಗೆ ಸ್ವಿಚ್ ಒತ್ತಿಹಿಡಿದು, ತನ್ನ ಎಲ್ಲೆ ಎಲ್ಲಿದೆಯೆಂದು ಮೋಟಾರಿಗೆ ಹೊಸದಾಗಿ ಕಲಿಸಿದರು. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ.

ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಮಳೆಗಾಲದ ಮುಂಚೆ ಹಂಚು ಕೈಯಾಡಿಸಲಿಲ್ವೇನೋ?"

ಕಾರು ಮಾರಾಟಕ್ಕಿದೆ. ಎಲ್-ಕೀ ಉಚಿತ.