ಕಪ್ಪಿನೊಳಗಿನ ಕೆಂಪು: ಕೀಮುನ್ ಚಹಾದ ಆಸ್ವಾದನೆ ಕುರಿತು ಐವತ್ತು ಗ್ರಾಂಗಳ ಒಂದು ಅಧ್ಯಯನ

ಯಾವುದೇ ಮಹಾಪ್ರಬಂಧ ತನ್ನ ವ್ಯಾಪ್ತಿಯನ್ನೂ ಮಿತಿಯನ್ನೂ ಮೊದಲೇ ಹೇಳಿಕೊಳ್ಳುವುದು ವಾಡಿಕೆ. ಪ್ರಸ್ತುತ ಅಧ್ಯಯನದ ವ್ಯಾಪ್ತಿ ಚೀನಾದ ಅನ್‌ಹುಯಿ ಪ್ರಾಂತ್ಯದ ಚೀಮೆನ್ ಸೀಮೆಯಿಂದ ಬೆಂಗಳೂರಿನ ನಮ್ಮ ಮನೆಯ ಅಡುಗೆಕಟ್ಟೆಯವರೆಗೆ. ಮಿತಿ 50 ಗ್ರಾಂ. ಆಫೀಸಿನ ಕೆಲಸಕ್ಕೆಂದು ಶಾಂಘೈಗೆ ಹೋಗಿದ್ದ ಭಾವಮೈದುನ ತಂದುಕೊಟ್ಟ ಡಬ್ಬಿಯಲ್ಲಿ ಇದ್ದದ್ದೇ ಅಷ್ಟು. ಚಹಾ ಪರೀಕ್ಷೆಗೆಂದು ಚೀನಾದವರು ಮಾಡಿಕೊಂಡಿರುವ ರಾಷ್ಟ್ರೀಯ ಮಾನಕದ ಪ್ರಕಾರ ಒಂದು ಸಲಕ್ಕೆ 3 ಗ್ರಾಂ ಎಲೆ, 150 ಮಿಲಿಲೀಟರ್ ಕುದಿನೀರು, 5 ನಿಮಿಷ. ಭಾಗಾಕಾರ ಮಾಡಿದರೆ ಹದಿನಾರು ಪ್ರಯೋಗ, ಶೇಷ 2 ಗ್ರಾಂ. ಈ ಶೇಷ ಮುಂದೆ ತೊಂದರೆ ಕೊಡಲಿರುವುದರಿಂದ ಓದುಗರು ಅದನ್ನು ಈಗಲೇ ಗುರುತು ಹಾಕಿಟ್ಟುಕೊಳ್ಳತಕ್ಕದ್ದು.

ಮೊದಲು ಹೆಸರಿನ ಜಿಜ್ಞಾಸೆ. ನಾವು ಬ್ಲ್ಯಾಕ್ ಟೀ ಎನ್ನುವುದನ್ನು ಚೀನೀಯರು ಹೊಂಗ್‌ಚಾ, ಅಂದರೆ ಕೆಂಪು ಚಹಾ ಎನ್ನುತ್ತಾರೆ. ಒಣಗಿದ ಎಲೆ ನೋಡಿದವರು ಕಪ್ಪೆಂದರು, ಸೋಸಿದ ರಸ ನೋಡಿದವರು ಕೆಂಪೆಂದರು. ಈ ಎರಡು ಪಂಥಗಳ ನಡುವೆ ಕನ್ನಡದ್ದೇ ಆದ ಮೂರನೆಯ ಪಂಥವೊಂದನ್ನು ಮಂಡಿಸಲು ಈ ಸಂಶೋಧಕ ಅನುಮತಿ ಕೋರುತ್ತಾನೆ: ಕಪ್ಪಿನಲ್ಲಿ ಕೊಡುವುದರಿಂದ ಅದು ಕಪ್ಪು ಚಹಾ. ಹಾಗಾದರೆ ಲೋಟದಲ್ಲಿ ಕೊಟ್ಟಾಗ ಏನೆನ್ನಬೇಕೆಂಬ ಆಕ್ಷೇಪ ಏಳುತ್ತದೆ. ನಮ್ಮ ಮನೆಯಲ್ಲಿ ಕಪ್ಪುಗಳೆಲ್ಲ ನೆಂಟರಿಗೆಂದು ಷೋಕೇಸಿನಲ್ಲಿರುವುದರಿಂದ ಈ ಆಕ್ಷೇಪಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ಇಲ್ಲೇ ಇನ್ನೊಂದು ವ್ಯಾಜ್ಯವನ್ನೂ ಮುಗಿಸಿಬಿಡಬಹುದು. ಚಹಾ ಸರಿಯೋ ಟೀ ಸರಿಯೋ ಎಂದು ಧಾರವಾಡದ ಕಡೆಯವರೂ ಮೈಸೂರಿನ ಕಡೆಯವರೂ ಒಬ್ಬರನ್ನೊಬ್ಬರು ನೋಡಿ ನಗುವುದುಂಟು. ಚೀನಾದಲ್ಲಿ ಬರೆಯುವ ಅಕ್ಷರ ಒಂದೇ. ಬಹುಪಾಲು ಚೀನಾ ಅದನ್ನು ಚಾ ಎಂದು ಓದುತ್ತದೆ. ಫುಜಿಯಾನ್ ಕರಾವಳಿಯವರು ತೇ ಎನ್ನುತ್ತಾರೆ, ಅದು ಡಚ್ಚರ ಹಡಗು ಹತ್ತಿ ಯೂರೋಪಿಗೆ ಹೋಗಿ, ಇಂಗ್ಲಿಷರ ಜೊತೆ ನಮ್ಮಲ್ಲಿಗೆ ಟೀ ಆಗಿ ಬಂತು. ಅಂದಮೇಲೆ ತುಂಗಭದ್ರೆಯ ಆಚೀಚೆ ನಿಂತು ನಾವು ಆಡುತ್ತಿರುವುದು ಚೀನಾದ ಒಳಜಗಳ.

ಚೀಮೆನ್ ಎಂಬುದೇ ಪಾಶ್ಚಾತ್ಯ ವ್ಯಾಪಾರಿಗಳ ಬಾಯಲ್ಲಿ ಕೀಮುನ್ ಆಯಿತು. ಅಲ್ಲಿ ಮೊದಲು ಮಾಡುತ್ತಿದ್ದದ್ದು ಹಸಿರು ಚಹಾ. 1875ರ ಸುಮಾರಿಗೆ ಕೆಂಪು ಚಹಾ ಶುರುವಾಯಿತು. ಫುಜಿಯಾನ್‌ನಲ್ಲಿ ನೌಕರಿ ಕಳೆದುಕೊಂಡು ಬಂದ ಯು ಗಾನ್‌ಚೆನ್ ಎಂಬ ಅಧಿಕಾರಿ ಅದನ್ನು ತಂದನೆಂದು ಒಂದು ಪಕ್ಷ, ಸ್ಥಳೀಯನಾದ ಹು ಯುವಾನ್‌ಲಾಂಗ್ ಎಂದು ಇನ್ನೊಂದು ಪಕ್ಷ. ಕೆಲಸ ಹೋದವನೊಬ್ಬ ಊರಿಗೆ ಬಂದು ಇಂಥದ್ದು ಮಾಡಿದ ಎಂಬ ಕಥೆ ಈ ಸಂಶೋಧಕನಿಗೆ ಹೆಚ್ಚು ಪ್ರಿಯವಾದ್ದರಿಂದ ಮೊದಲ ಪಕ್ಷವೇ ಸಿದ್ಧಾಂತ. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಪನಾಮಾ-ಪೆಸಿಫಿಕ್ ಪ್ರದರ್ಶನದಲ್ಲಿ ಕೀಮುನ್‌ಗೆ ಚಿನ್ನದ ಪದಕವೂ ಬಂತು.

ಎಲೆ ಕೆಂಪಾಗುವ ಗುಟ್ಟು ದೊಡ್ಡದೇನಲ್ಲ. ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟು, ಕೊನೆಗೆ ಕಾವಿನಲ್ಲಿ ಒಣಗಿಸುತ್ತಾರೆ. ಹೆಚ್ಚಿದ ಬದನೆಕಾಯನ್ನು ನೀರಿಗೆ ಹಾಕದೆ ಬಿಟ್ಟರೆ ಕಂದುತ್ತದಲ್ಲ, ಅಲ್ಲಿ ಕೆಲಸ ಮಾಡುವ ಕಿಣ್ವವೇ ಇಲ್ಲೂ ಮಾಡುವುದು. ಬದನೆಕಾಯಿ ಕಂದಿದರೆ ಬೈಗುಳ, ಚಹಾ ಕಂದಿದರೆ ಚಿನ್ನದ ಪದಕ. ಈ ತಾರತಮ್ಯದ ಬಗ್ಗೆ ಪ್ರತ್ಯೇಕ ಅಧ್ಯಯನ ಆಗಬೇಕು.

ಇನ್ನು ಪೂರ್ವಸೂರಿಗಳು. ಎಂಟನೆಯ ಶತಮಾನದ ಲು ಯು ಬರೆದ ‘ಚಾ ಜಿಂಗ್’ ಬಿಟ್ಟು ಚಹಾದ ಬಗ್ಗೆ ಬರೆಯುವುದು ಅಪಚಾರ. ಅವನ ಕಾಲಕ್ಕೆ ಕೆಂಪು ಚಹಾ ಹುಟ್ಟಿರಲೇ ಇಲ್ಲ. ಅವನು ಕುಡಿಯುತ್ತಿದ್ದದ್ದು ಚಹಾ ಎಲೆಯ ಬಿಲ್ಲೆಯನ್ನು ಸುಟ್ಟು, ಪುಡಿ ಮಾಡಿ, ಚಿಟಿಕೆ ಉಪ್ಪು ಹಾಕಿ ಕುದಿಸಿದ್ದನ್ನು. ಆದರೂ ಅವನೇ ಪ್ರಮಾಣ. ತಾನು ಕಾಣದ ವಿಷಯದಲ್ಲಿ ಪ್ರಮಾಣವಾಗುವುದು ನಮ್ಮ ವಿದ್ವತ್ ಲೋಕಕ್ಕೆ ಹೊಸದಲ್ಲ. ಚಹಾಕ್ಕೆ ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಥದ್ದು ಚರಂಡಿ ನೀರಿಗೆ ಸಮ ಎಂಬುದು ಅವನ ತೀರ್ಪು. ನಾನು ಇದನ್ನು ಊಟದ ಹೊತ್ತಿನಲ್ಲಿ ಜೋರಾಗಿ ಓದಿ ಹೇಳಿದ್ದು ತಪ್ಪಾಯಿತು. ಮಲೆನಾಡಿನಿಂದ ಬಂದಿದ್ದ ಅತ್ತೆಯವರು ಏನೂ ಅನ್ನಲಿಲ್ಲ, ಮಜ್ಜಿಗೆ ಬಡಿಸಿ ಎದ್ದುಹೋದರು.

ನೀರಿನ ವಿಚಾರಕ್ಕೆ ಬಂದರೆ, ಲು ಯು ಪ್ರಕಾರ ಬೆಟ್ಟದ ನೀರು ಉತ್ತಮ, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಅಧಮ. ಬೆಂಗಳೂರಿನ ನಲ್ಲಿಯ ನೀರು ತಲಕಾವೇರಿಯಲ್ಲಿ ಬೆಟ್ಟದ್ದು, ಶಿವನಸಮುದ್ರದ ಹತ್ತಿರ ಹೊಳೆಯದ್ದು, ಅಲ್ಲಿಂದ ನೂರು ಕಿಲೋಮೀಟರ್ ಪೈಪಿನಲ್ಲಿ ಏರಿ ಬಂದು ನಮ್ಮ ಸಂಪಿಗೆ ಬಿದ್ದ ಕೂಡಲೇ ಬಾವಿಯದ್ದು. ಒಂದೇ ನೀರಿನಲ್ಲಿ ಮೂರು ದರ್ಜೆಯೂ ಸಿದ್ಧಿಸಿರುವ ಇಂಥ ಸಂದರ್ಭ ಲು ಯು ಕಾಲದ ತಾಂಗ್ ಚಕ್ರವರ್ತಿಗಳಿಗೂ ದೊರೆತಿರಲಾರದು. ಬೋರ್‌ವೆಲ್ ನೀರನ್ನೂ ಪರೀಕ್ಷಿಸಿದೆ. ಗಡಸು ನೀರಿನಲ್ಲಿ ಚಹಾ ಮಂಕಾಗುತ್ತದೆ, ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟುತ್ತದೆ. ನನ್ನ ಬಟ್ಟಲಲ್ಲಿ ಕಟ್ಟಿದ್ದು ಬೆರಳಿಗೆ ಅಂಟಿತು. ನೀರಿನ ಕಾವಿಗೂ ಲು ಯು ಮೂರು ಗುರುತು ಕೊಟ್ಟಿದ್ದಾನೆ: ಮೊದಲು ಮೀನಿನ ಕಣ್ಣಿನಂಥ ಗುಳ್ಳೆ, ಆಮೇಲೆ ಅಂಚಿನಲ್ಲಿ ಮುತ್ತಿನ ಸರ, ಕೊನೆಗೆ ಅಲೆಗಳ ಅಬ್ಬರ. “ನಾವು ಮೀನಿನ ಕಣ್ಣು ನೋಡಿದವರಲ್ಲ, ಸಬ್ಬಕ್ಕಿ ಅಂತ ಬರ್ಕೊಳ್ಳಿ” ಎಂದರು ಅತ್ತೆ. ಹಾಗೇ ಬರೆದುಕೊಂಡೆ. ಕೀಮುನ್‌ನಂಥ ಮೊಗ್ಗಿನ ಚಹಾಕ್ಕೆ 90ರಿಂದ 95 ಡಿಗ್ರಿ ಸಾಕೆನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97ಕ್ಕೇ ಕುದಿದುಬಿಡುತ್ತದೆ. ಪ್ರಕೃತಿ ಕೊಟ್ಟ ಮೂರು ಡಿಗ್ರಿ ರಿಯಾಯಿತಿ.

ಮೊದಲ ಎಂಟು ಪ್ರಯೋಗ ಮಾನಕದಂತೆ ನಡೆದವು. ಉಳಿದ ಎಂಟು ಗೈವಾನ್ ಎಂಬ ಪಿಂಗಾಣಿ ಬಟ್ಟಲಿನಲ್ಲಿ. ಇದು ಮೂರು ಭಾಗ: ಮುಚ್ಚಳ ಆಕಾಶ, ಬಸಿ ಭೂಮಿ, ನಡುವಿನ ಬಟ್ಟಲು ಮನುಷ್ಯ. ಸುಡುವುದು ಮನುಷ್ಯನೇ. ಹೆಬ್ಬೆರಳು ಮತ್ತು ನಡುಬೆರಳಿನಿಂದ ಬಟ್ಟಲಿನ ಅಂಚು ಹಿಡಿದು, ತೋರುಬೆರಳನ್ನು ಮುಚ್ಚಳದ ಗುಬುಟಿನ ಮೇಲಿಟ್ಟು, ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಮಾಡಿ, ಹತ್ತೇ ಸೆಕೆಂಡಿನಲ್ಲಿ ರಸವನ್ನೆಲ್ಲ ಬಗ್ಗಿಸಬೇಕು. ಏಳು ಸೆಕೆಂಡಿಗೆ ಉಗಿ ತೋರುಬೆರಳನ್ನು ಹುಡುಕಿಕೊಂಡು ಬರುತ್ತದೆ. ಒಂಬತ್ತನೆಯ ಪ್ರಯೋಗದಲ್ಲಿ ನಾನು ಎತ್ತಿದ ಸ್ವರ ಕೇಳಿ ಅತ್ತೆಯವರು ಓಡಿಬಂದು ಇಕ್ಕಳ ಮುಂದೆ ಹಿಡಿದರು. ಈ ಬಗೆಯ ಕರಕುಶಲಕ್ಕೆ ಚೀನೀಯರ ಮಾತು ಗೊಂಗ್‌ಫು. ಹೊಡೆದಾಟದ ಕುಂಗ್‌ಫೂ ಕೂಡ ಅದೇ ಪದ. ವ್ಯುತ್ಪತ್ತಿ ನನಗೆ ಬೆರಳಿನ ಮೂಲಕ ಅರಿವಾಯಿತು.

ಅಂಕಪಟ್ಟಿ ಹೀಗಿದೆ: ಒಣ ಎಲೆಯ ರೂಪಕ್ಕೆ 25, ರಸದ ಬಣ್ಣಕ್ಕೆ 10, ಪರಿಮಳಕ್ಕೆ 25, ರುಚಿಗೆ 30, ಬಸಿದ ಎಲೆಗೆ 10. ಹೀರುವಾಗ ಸೊರ್ ಎಂದು ಗಾಳಿಯೊಡನೆ ಹೀರಬೇಕು, ಆಗಲೇ ಪರಿಮಳ ಬಾಯಿಯ ಹಿಂದಿನಿಂದ ಮೂಗಿಗೆ ಏರುವುದು. ಚಿಕ್ಕಂದಿನಲ್ಲಿ ಇದೇ ಸದ್ದಿಗೆ ನನಗೆ ಏಟು ಬಿದ್ದಿತ್ತು.

ಪರಿಮಳದ 25 ಅಂಕದಲ್ಲಿಯೇ ಅಧ್ಯಯನ ಸಿಕ್ಕಿಬಿದ್ದದ್ದು. ಕೀಮುನ್‌ನ ಘಮಕ್ಕೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ, ಚೀಮೆನ್ ಪರಿಮಳ ಎಂದು. ಅದನ್ನು ಆರ್ಕಿಡ್, ಗುಲಾಬಿ, ಸೇಬು, ಜೇನು ಎಂದೆಲ್ಲ ಬಣ್ಣಿಸುತ್ತಾರೆ. ಗುಲಾಬಿಗೆ ಆಧಾರವಿದೆ: ಗುಲಾಬಿಯಲ್ಲಿರುವ ಜೆರಾನಿಯಾಲ್ ಈ ಎಲೆಯಲ್ಲೂ ಧಾರಾಳವಾಗಿದೆ. ಆದರೆ ಆರ್ಕಿಡ್? “ಆರ್ಕಿಡ್ ಅಂದ್ರೆ ನಮ್ಮ ಸೀತಾಳೆ ದಂಡೆ ಜಾತಿದಲ್ವಾ? ಹಲಸಿನ ಮರದಲ್ಲಿ ಜೋತು ಬೀಳತ್ತಲ್ಲ, ಅದು. ಅದಕ್ಕೆ ಇಷ್ಟೊಂದು ಘಮ ಎಲ್ಲಿ ಬರಬೇಕು?” ಎಂದು ಅತ್ತೆಯವರು ಬಟ್ಟಲನ್ನು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಮಾತಾಡಲಿಲ್ಲ. “ಒಣದ್ರಾಕ್ಷಿ ಡಬ್ಬಿ ಬಾಯಿ ತೆಗೆದ ಹಾಗಿದೆ. ಆಮೇಲೆ, ಆಲೆಮನೇಲಿ ಬೆಲ್ಲ ಇಳಿಸೋ ಹೊತ್ತಿಗೆ ಗಾಳಿ ಬರೋ ಕಡೆ ನಿಂತ ಹಾಗೆ, ಸ್ವಲ್ಪ ಹೊಗೆ. ಕುಡಿದ ಮೇಲೆ ಒಗರು ಇಲ್ಲ ಅಂತಲ್ಲ, ನೆಲ್ಲಿಕಾಯಿ ತಿಂದು ನೀರು ಕುಡಿದ್ರೆ ಬರತ್ತಲ್ಲ, ಆ ಥರದ ಸಿಹಿ.” ಚೀನೀ ಪರೀಕ್ಷಕರು ಹುಯಿಗಾನ್, ಮರಳಿ ಬರುವ ಸಿಹಿ, ಎಂದು ಗುರುತಿಸುವುದು ಇದನ್ನೇ. ಆದರೆ ಸಾಕ್ಷಿಗೆ ಯಾವ ಪದವಿಯೂ ಇಲ್ಲದ ಕಾರಣ ಈ ಹೇಳಿಕೆಯನ್ನು ಅವೈಜ್ಞಾನಿಕವೆಂದು ತಳ್ಳಿಹಾಕಿ, ಅಕ್ಷರಶಃ ಕೋಷ್ಟಕಕ್ಕೆ ಇಳಿಸಿಕೊಳ್ಳಲಾಯಿತು.

ಬಸಿದ ಎಲೆಯ 10 ಅಂಕ ದಾಖಲಾಗಲಿಲ್ಲ. ತಾಮ್ರದ ಬಣ್ಣಕ್ಕೆ ತಿರುಗಿದ್ದ ಎಲೆಗಳನ್ನು ಬಿಳಿ ತಟ್ಟೆಯಲ್ಲಿ ಹರಡಿ ಭೂತಗನ್ನಡಿ ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ನನ್ನ ಹೆಂಡತಿ ತಟ್ಟೆ ತೊಳೆದು, ಎಲೆಯನ್ನು ಗುಲಾಬಿ ಕುಂಡಕ್ಕೆ ಸುರಿದಿದ್ದಳು. ಜೆರಾನಿಯಾಲ್ ತವರಿಗೆ ಹೋಯಿತು. ರಾತ್ರಿ ಮರೆತುಬಿಟ್ಟ ಬಟ್ಟಲೊಂದನ್ನು ಮಾತ್ರ ಬೆಳಿಗ್ಗೆ ಉಳಿಸಿಕೊಂಡೆ. ರಸ ತಣ್ಣಗಾಗಿ ಕದಡಿತ್ತು, “ಕೆಟ್ಟಿದೆ, ಚೆಲ್ರೀ” ಎಂದಳು. ಕೆಟ್ಟದ್ದಲ್ಲ, ಚಹಾದ ಕೆಂಪು ವರ್ಣಕಗಳು ಕೆಫೀನಿನ ಜೊತೆ ಗಂಟು ಹಾಕಿಕೊಂಡಾಗ ಹೀಗಾಗುತ್ತದೆ, ಒಳ್ಳೆಯ ಕೆಂಪು ಚಹಾದ ಲಕ್ಷಣವದು ಎಂದು ವಿವರಿಸಿ, ಬಿಸಿ ಮಾಡಿ ತಿಳಿಯಾದದ್ದನ್ನು ತೋರಿಸಿದೆ. ನೋಡಿದಳು. ಆ ಪಾತ್ರೆಯನ್ನು ನನಗೇ ತೊಳೆಯಲು ಬಿಟ್ಟಳು.

ಉಳಿದದ್ದು ಶೇಷ. 3 ಗ್ರಾಮಿನ ಮಾನಕಕ್ಕೆ 2 ಗ್ರಾಂ ಸಾಲದು. ಆದರೆ ಹುಡುಕಿದರೆ ಎಲ್ಲದಕ್ಕೂ ಒಂದು ಮಾನಕ ಇದ್ದೇ ಇರುತ್ತದೆ: ಐಎಸ್‌ಒ 3103, ವರ್ಷ 1980, 100 ಮಿಲಿಲೀಟರಿಗೆ ಸರಿಯಾಗಿ 2 ಗ್ರಾಂ, 6 ನಿಮಿಷ. ಇದರ ಮೂಲವಾದ ಬ್ರಿಟಿಷ್ ಮಾನಕ ಬಿಎಸ್ 6008. ಚಹಾ ಮಾಡುವುದು ಹೇಗೆಂದು ಆರು ಪುಟ ಬರೆದದ್ದಕ್ಕೆ ಅದಕ್ಕೆ 1999ರಲ್ಲಿ ಇಗ್ ನೊಬೆಲ್ ಬಂದಿದೆ, ಅದೂ ಸಾಹಿತ್ಯ ವಿಭಾಗದಲ್ಲಿ. ಈ ಸಂಶೋಧಕನಿಗೆ ಅಂಥ ಅಪೇಕ್ಷೆ ಇಲ್ಲ ಎಂದರೆ ಸುಳ್ಳಾದೀತು.

ಐಎಸ್‌ಒ ಮಾನಕ ಹಾಲಿಗೆ ಅವಕಾಶ ಕೊಡುತ್ತದೆ ಎಂಬುದನ್ನು ಮನೆಯವರಿಗೆ ತಿಳಿಸಿದ್ದು ಸಂಶೋಧನೆಯ ಪ್ರಾಮಾಣಿಕತೆಗಾಗಿ. ಚಿಕ್ಕ ಬಟ್ಟಲಾದರೆ ಎರಡೂವರೆ ಮಿಲಿಲೀಟರ್. ಅತ್ತೆಯವರು ಮೊಮ್ಮಗನ ಜ್ವರದ ಸಿರಪ್ಪಿನ ಮುಚ್ಚಳ ತಂದು, ಗೆರೆಗೆ ಸರಿಯಾಗಿ ಹಾಲು ಅಳೆದು, ಬೆಳಕಿಗೆ ಹಿಡಿದು ನೋಡಿದರು.

“ಇಷ್ಟಕ್ಕೆ ಫ್ರಿಜ್ ಬಾಗಿಲು ಬೇರೆ ತೆಗೀಬೇಕಾಯ್ತು. ಇರಲಿ, ಹಾಲಿಗೆ ಅಡ್ಡಿ ಇಲ್ಲ ಅಂದ್ರಲ್ಲ, ನಿಮ್ಮ ಆ ಪುಸ್ತಕದಲ್ಲಿ ಶುಂಠಿ ಬಗ್ಗೆ ಏನಂತಿದೆ?”

ನೋಡಿ ಹೇಳುತ್ತೇನೆಂದು ಮಾನಕವನ್ನು ಮೊದಲ ಪುಟದಿಂದ ಮತ್ತೆ ತಿರುವಿಹಾಕತೊಡಗಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಕೇಳಿಸಿತು.